ಸಿಂಕಿನ ಕೆಳಗೆ ಒಣ ಪೇಪರು

ನನ್ನ ಮೊಮ್ಮಗಳು ಅನುಷಾಗೆ ಪ್ಲಂಬರ್ ಕೆಲಸ ಸಿಕ್ಕಿತು! ಮೊದಲು ಇದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದೆ ಒಂದು ಅಕ್ಷರ ಬರೆಯಲೂ ಕೈ ಓಡುವುದಿಲ್ಲ. ಹುಣಸೂರಿನಲ್ಲಿ ಹೆಣ್ಣುಮಕ್ಕಳ ಒಂದು ದೊಡ್ಡ ಹಾಸ್ಟೆಲ್ ಇದೆ. ಸೋಮವಾರದಿಂದ ಅಲ್ಲಿಯ ನಲ್ಲಿ, ಪೈಪು, ಸಿಂಕು, ಟ್ಯಾಂಕು ಎಲ್ಲ ಅವಳ ಸುಪರ್ದಿಗೆ. ಹೆಸರು ಬರೆದ ಕಾಗದ ಹಿಡಿದುಕೊಂಡು ಕೆಲಸಕ್ಕೆ ಸೇರಿದವರು ನಮ್ಮ ವಂಶದಲ್ಲಿ ಅವಳಿಗಿಂತ ಮುಂಚೆ ಯಾರೂ ಇಲ್ಲ.

ಗುರುವಾರ ಫೋನು ಬಂದಾಗ ನಾನು ಹನಗೋಡಿನ ನಮ್ಮ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಸುದ್ದಿ ಕೇಳಿ ಎದ್ದೆನೋ ಹಾರಿದೆನೋ ಗೊತ್ತಿಲ್ಲ, ಮೊರದಲ್ಲಿದ್ದ ಕಾಳೆಲ್ಲ ಬೀದಿಗೆ ಬಿತ್ತು.

"ಏನ್ ಬಂತು ನಿಂಗೆ? ಕೋಳಿಗೆ ಆಕಕ್ಕೆ ಸುಲೀತಿದ್ಯಾ?" ಎಂದು ನನ್ನ ಹೆಂಡತಿ ಕೆಂಪಮ್ಮ ಒಳಗಿನಿಂದಲೇ ಕೂಗಿದಳು.

"ತಿನ್ಲಿ ಬುಡಮ್ಮಿ, ಕೋಳಿನೂ ತಿನ್ಲಿ! ನಮ್ ಅನು ಪ್ಲಂಬರ್ ಆದ್ಲು ಕಣಮ್ಮಿ!"

ಅವಳು ಹೊರಗೆ ಬಂದು ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು. ಆದರೂ ಬಾಯಿ ಸುಮ್ಮನಿರಲಿಲ್ಲ. "ನಿನ್ ಮಂಡಿಗೆ ಎಣ್ಣೆ ಉಜ್ಜಿ ಉಜ್ಜಿ ನನ್ ಕೈ ಸವೆದೋಗ್ಯದೆ. ಇನ್ ಅವಳ್ ಮಂಡಿನೂ ನಾನೇ ಉಜ್ಬೇಕಾ?"

ಸಂಜೆ ಅನು ಮತ್ತೆ ಫೋನು ಮಾಡಿದಳು. "ತಾತ, ಐಟಿಐಲಿ ಪೈಪು, ಅಳತೆ, ಟೂಲು ಎಲ್ಲಾ ಹೇಳ್ಕೊಟ್ರು. ಒಬ್ರ ಮನೆ ಒಳೀಕೆ ಹೋದ್ರೆ ಏನೇನಾಯ್ತದೆ ಅಂತ ಯಾರೂ ಹೇಳ್ಲಿಲ್ಲ. ನೀನ್ ಬರ್ಕೊಡು. ನನ್ ಜೊತೆ ಪಾಸಾದವ್ರೂ ಓದ್ತಾರೆ."

ನಾನು ಓದಿರುವುದು ನಾಲ್ಕನೇ ಕ್ಲಾಸು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ನಲವತ್ತು ವರ್ಷ ನಲ್ಲಿ ರಿಪೇರಿ ಮಾಡಿದವನು. ಮಂಡಿ ಮಡಚಲಾಗದೆ ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು. ಬರೆಯಲು ಕೂತಾಗ ಮನಸ್ಸೇನೋ ಕುಣಿಯುತ್ತಿತ್ತು. ಆದರೆ ಸಿಂಕಿನ ಕೆಳಗೆ ಕುಣಿಯುವಂಥ ವಿಷಯ ಕಡಿಮೆ, ಮಕ್ಕಳೇ. ಒಂದು ವಿಷಯವನ್ನಂತೂ ಇವತ್ತಿನವರೆಗೆ ಹೆಂಡತಿಗೂ ಹೇಳಿಲ್ಲ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ನನ್ನ ಮೊಮ್ಮಗಳಿಗೆ ಮೋಸ ಮಾಡಿದಂತೆ. ಅವಳು ಅದನ್ನು ಓದಿ ನನ್ನ ಮುಖ ನೋಡುತ್ತಾಳೋ ಇಲ್ಲವೋ ಎಂಬ ಭಯವೂ ಇದೆ.

ನನಗೆ ಕೆಲಸ ಕಲಿಸಿದವರು ಕೆ.ಆರ್. ನಗರದ ಗಫೂರ್ ಮೇಸ್ತ್ರಿ. ಆಗ ಎಲ್ಲ ಕಡೆ ಕಬ್ಬಿಣದ ಪೈಪು, ಹಿತ್ತಾಳೆಯ ನಲ್ಲಿ. ಪೈಪಿನ ತುದಿಗೆ ಡೈ ಎಂಬ ಅಚ್ಚು ಹಾಕಿ ತಿರುಗಿಸಿ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಕೊರೆಯಬೇಕು. ಕೊರೆದ ಮರೆಗೆ ಸೆಣಬಿನ ನಾರು ಸುತ್ತಿ, ಮೇಲೆ ಸಫೇದ ಎಂಬ ಬಿಳಿ ಬಣ್ಣ ಬಳಿದು, ಬಲ ಹಾಕಿ ಬಿಗಿಯಬೇಕು. ನಾರನ್ನು ಎಡಕ್ಕೆ ಸುತ್ತಿದರೆ ಬೆನ್ನ ಮೇಲೆ ಪೈಪಿನ ತುಂಡು ಬೀಳುತ್ತಿತ್ತು. ನನ್ನ ಬೆನ್ನಿಗೆ ಎಷ್ಟು ಬಿದ್ದಿತೋ ಲೆಕ್ಕವಿಲ್ಲ. ಆದರೆ ಮಧ್ಯಾಹ್ನ ಅವರ ಬುತ್ತಿಯಲ್ಲೇ ನನಗೂ ಪಾಲು. ಒಂದೇ ಡಬ್ಬಿಗೆ ಇಬ್ಬರೂ ಕೈ ಹಾಕುತ್ತಿದ್ದೆವು.

ಅವರದು ಒಂದು ಪದ್ಧತಿ ಇತ್ತು. ನಲ್ಲಿ ರಿಪೇರಿ ಮುಗಿದ ಮೇಲೆ ಸಿಂಕಿನ ಕೆಳಗಿನ ನೆಲವನ್ನು ಒಣ ಬಟ್ಟೆಯಿಂದ ಒರೆಸಿ ಹಳೆಯ ಪೇಪರು ಹಾಸುವುದು. ಆಮೇಲೆ ಮನೆಯವರು ಒಂದು ಊಟ ಮಾಡಿ ಏಳುವಷ್ಟು ಹೊತ್ತು ಕಾಯುವುದು. ಪೇಪರಿನ ಮೇಲೆ ಸಾಸಿವೆಯಷ್ಟು ಒದ್ದೆ ಕಂಡರೂ ಮತ್ತೆ ಬಿಚ್ಚಬೇಕು.

"ನೀರು ನಿಂತಂಗೆ ನಾಟ್ಕ ಆಡ್ತದೆ ಕಣೋ ಸಿದ್ದ," ಎನ್ನುತ್ತಿದ್ದರು. "ನೀನು ಬ್ಯಾಗ್ ಎತ್ಕೊಂಡು ರೋಡಿಗೆ ಹೋಗೋವರ್ಗೂ ಕಾಯ್ತದೆ. ಆಮೇಲೆ ಶುರು ಮಾಡ್ತದೆ."

ಹಾಗೆ ಕಾಯುವಾಗ ಮನೆಯವರು ಬೈಯುತ್ತಿದ್ದರು. ಕೊಪ್ಪದ ಒಂದು ಹೋಟೆಲಿನವನು, "ಏನ್ರೀ ಮೇಸ್ತ್ರಿ, ಊಟಕ್ಕೆ ಕಾಯ್ತಿದ್ದೀರಾ?" ಎಂದು ಗಿರಾಕಿಗಳ ಎದುರಿಗೇ ಕೇಳಿಬಿಟ್ಟ. ಮೇಸ್ತ್ರಿ ಪೇಪರಿನಿಂದ ಕಣ್ಣು ತೆಗೆಯದೆ, "ನಿಮ್ಮ ಸಾಂಬಾರಿಗಲ್ಲ, ನಿಮ್ಮ ನೀರಿಗೆ" ಎಂದರು. ನಾನು ನಕ್ಕಿದ್ದಕ್ಕೆ ಹೊರಗೆ ಬಂದ ಮೇಲೆ ನನಗೂ ಬೈಗುಳವಾಯಿತು.

ನನ್ನ ತಪ್ಪುಗಳಲ್ಲಿ ಮೊದಲನೆಯದು ಒಂದು ಮದುವೆ ಮನೆಯದು. ಮೇಸ್ತ್ರಿ ಬೇರೆ ಕಡೆ ಹೋಗಿದ್ದರು, ನಾನೊಬ್ಬನೇ ಹೋದೆ. ಟ್ಯಾಂಕಿನ ಗೇಟ್‌ವಾಲ್ ಮುಚ್ಚಿದ್ದಾರಾ ಎಂದು ಕೇಳಿದೆ. ಯಾರೋ "ಹೂಂ" ಎಂದರು. ನಾನು ಹೋಗಿ ನೋಡಲಿಲ್ಲ. ನಲ್ಲಿ ಬಿಚ್ಚಿದ ಕೂಡಲೇ ನೀರು ಚಿಮ್ಮಿ ಪಕ್ಕದ ಒಲೆಯ ಎಣ್ಣೆ ಬಾಣಲೆಗೆ ಬಿತ್ತು. ಎಣ್ಣೆ ಸಿಡಿದು ಅಡುಗೆಯವನ ಕೈ ಮೊಣಕೈವರೆಗೆ ಬೆಂದುಹೋಯಿತು. ಅವನು ಬದುಕಿರುವ ತನಕ ಸಂತೆಯಲ್ಲಿ ಸಿಕ್ಕಾಗಲೆಲ್ಲ ತೋಳು ಮಡಚಿ ತೋರಿಸುತ್ತಿದ್ದ. "ನೋಡ್ಲಾ ನಲ್ಲಿ ಸಿದ್ದ, ನೀನಾಕಿದ್ ಸಹಿ ಇನ್ನೂ ಅಳ್ಸಿಲ್ಲ" ಎಂದು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಹೇಳಿದ್ದನ್ನು ನಂಬಬೇಡಿ. ನೀವೇ ಹೋಗಿ ವಾಲ್ ಮುಟ್ಟಿ ನೋಡಿ.

ಆಮೇಲೆ ಪ್ಲಾಸ್ಟಿಕ್ ಬಂತು. ಎಚ್.ಡಿ. ಕೋಟೆಯಲ್ಲಿ ಒಂದು ದೊಡ್ಡ ಕಟ್ಟಡದ ಕೆಲಸದಲ್ಲಿದ್ದೆ. ಅಲ್ಲಿಯ ಎಂಜಿನಿಯರು ಮೀಸೆ ಚಿಗುರದ ಹುಡುಗ. ನನ್ನ ಕೈಯಲ್ಲಿದ್ದ ಸೆಣಬಿನ ಕಂತೆ ಕಿತ್ತು ಬಿಸಾಕಿ, "ಇದೆಲ್ಲ ಇನ್ಮೇಲೆ ಬೇಡ ಸಿದ್ದಣ್ಣ. ಟೆಫ್ಲಾನ್ ಟೇಪ್ ಸುತ್ತಿ. ಪ್ಲಾಸ್ಟಿಕ್ ನಟ್ ಇದ್ರೆ ಕೈಯಲ್ಲೇ ತಿರುಗಿಸಿ, ಸ್ಪ್ಯಾನರ್ ಹಾಕ್ಬೇಡಿ" ಎಂದ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ನನ್ನ ಅರ್ಧ ವಯಸ್ಸಿನವನು ಎಲ್ಲರೆದುರು ಹೇಳಿದ ಎಂದು ನನಗೆ ಸಿಟ್ಟು. "ನೆನ್ನೆ ಉಟ್ಟಿದ್ದು ನಂಗೇಳ್ಕೊಡ್ತದೆ" ಎಂದು ಬೆನ್ನ ಹಿಂದೆ ಗೊಣಗಿದೆ. ಅವನಿದ್ದಾಗ ಕೈಯಲ್ಲಿ ತಿರುಗಿಸಿದೆ, ಅವನು ಹೋದ ಮೇಲೆ ಸ್ಪ್ಯಾನರ್ ಹಾಕಿದೆ. ಹಳೆಯ ಕೈ, ಹಳೆಯ ಅಭ್ಯಾಸ.

ಇನ್ನು ನಾನು ಹೇಳಲೇಬೇಕಾದದ್ದು.

ಪಿರಿಯಾಪಟ್ಟಣದ ಕಡೆ ಒಂದು ಊರು. ಹೆಸರು ಬೇಡ. ಅಲ್ಲಿ ಒಬ್ಬ ಜಮೀನುದಾರರು ಹೊಸ ಮನೆ ಕಟ್ಟಿಸಿದರು. ಅವರನ್ನು ಯಜಮಾನರು ಎಂದೇ ಬರೆಯುತ್ತೇನೆ. ಅವರ ಹೆಂಡತಿ ಜಯಮ್ಮ. ಆ ಮನೆಗೆ ಪೈಪು ಎಳೆದವನು ನಾನೇ, ಅಡುಗೆಮನೆಯ ಸಿಂಕು ಕೂರಿಸಿದವನೂ ನಾನೇ. ಕಟ್ಟುವಾಗ ಆ ಅಡುಗೆಮನೆಯಲ್ಲಿ ನಾವು ಬೀಡಿ ಸೇದಿದ್ದೇವೆ, ಬುತ್ತಿ ಬಿಚ್ಚಿ ಉಂಡಿದ್ದೇವೆ, ಸಿಮೆಂಟ್ ಚೀಲದ ಮೇಲೆ ಮಲಗಿದ್ದೇವೆ. ಯಾರೂ ಏನೂ ಅನ್ನಲಿಲ್ಲ. ಗೃಹಪ್ರವೇಶವಾಗಿ ಹಾಲು ಉಕ್ಕಿಸಿದ ಮೇಲೆ ಅದೇ ಅಡುಗೆಮನೆಯ ಹೊಸಿಲು ನಮ್ಮ ಕೇರಿಯವರಿಗೆ ಮುಚ್ಚಿಹೋಯಿತು. ಬಚ್ಚಲು, ಹಿತ್ತಿಲು, ಟ್ಯಾಂಕಿನ ಕೆಲಸಕ್ಕೆ ಕರೆಯುತ್ತಿದ್ದರು. ಅಡುಗೆಮನೆಯ ನಲ್ಲಿ ಕೆಟ್ಟರೆ ಅವರ ನೆಂಟರ ಹುಡುಗನೊಬ್ಬ ಬಂದು ಏನೋ ಮಾಡಿ ಹೋಗುತ್ತಿದ್ದ. ಇದು ಆ ಒಂದು ಮನೆಯ ಮಾತಲ್ಲ, ಆಗ ಬೇಕಾದಷ್ಟು ಮನೆಗಳು ಹಾಗೇ ಇದ್ದವು. ನಾವೂ ಕೇಳುತ್ತಿರಲಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಹೇಳಿಕಳಿಸಿದರು. ಸಿಂಕಿನ ಕೆಳಗೆ ಸೋರುತ್ತಿತ್ತು, ನೆಂಟರ ಹುಡುಗ ಊರಲ್ಲಿರಲಿಲ್ಲ. ನಾನು ಬ್ಯಾಗು ಹಿಡಿದು ಅಡುಗೆಮನೆಯ ಬಾಗಿಲವರೆಗೆ ಹೋದೆ. ಒಳಗೆಲ್ಲ ತೊಳೆದು ಸಾರಿಸಿ, ದೇವರ ಮೂಲೆಗೆ ರಂಗೋಲಿ ಬಿಟ್ಟಿದ್ದರು.

ಯಜಮಾನರು ಹಿಂದಿನಿಂದ, "ಅಲ್ಲೇ ನಿಂತ್ಕೊ. ಮಡಿ ಮಾಡವ್ರೆ. ಅಲ್ಲಿಂದ್ಲೇ ಹೇಳು, ಇವ್ಳು ತಿರುಗಿಸ್ತಾಳೆ" ಎಂದರು.

"ಅಂಗೆ ಆಗಕಿಲ್ಲ ಬುದ್ಧಿ, ಕಣ್ಣಲ್ ನೋಡ್ಬೇಕು" ಎಂದೆ.

"ಕೂರ್ಸಿದ್ದು ನೀನೇ ಅಲ್ವಾ? ನೋಡದೇನೈತೆ?"

ನಾನು ಬ್ಯಾಗಿನಿಂದ ಸ್ಪ್ಯಾನರ್ ತೆಗೆದೆ. ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಗುತ್ತಾ ಬಂದರು. ಅರವತ್ತರ ಹತ್ತಿರದ ಹೆಂಗಸು, ಗಟ್ಟಿ ಆಳು. ನನ್ನ ಕೈಯಿಂದ ಸ್ಪ್ಯಾನರ್ ಇಸಿದುಕೊಳ್ಳಲಿಲ್ಲ, ನೆಲದ ಮೇಲೆ ಇಡಲು ಹೇಳಿ ಎತ್ತಿಕೊಂಡರು.

"ನೋಡ್ಲಾ ಸಿದ್ದ, ಇವತ್ತಿಂದ ನಾನೂ ನಿನ್ ಕೆಲ್ಸ ಕಲ್ತೆ. ನಾಳಿಕೆ ನಿಂಗೇ ಅನ್ನ ಉಟ್ಟದಿಲ್ಲ" ಎಂದು ಸಿಂಕಿನ ಕೆಳಗೆ ತೂರಿದರು.

"ಗೋಡೆಯಿಂದ ಸಣ್ಣ ಪೈಪು ನಲ್ಲಿಗೆ ಓಗ್ತದಲ್ಲ ಅವ್ವ, ಅದರ ನಟ್ಟಿಡ್ಕಳಿ."

"ಇಡ್ದೆ."

"ಬಲಕ್ಕೆ ತಿರುಗ್ಸಿ. ಬಿಗಿ ಸಿಕ್ತಾ?"

"ಸಿಕ್ತು ಕಣಪ್ಪ. ಆದ್ರೂ ತೊಟ್ಟಿಕ್ತಾ ಅದೆ."

"ಇನ್ನರ್ಧ ಸುತ್ತು ಬಲವಾಗಿ ಬುಡಿ."

ಆ ಅರ್ಧ ಸುತ್ತು. ನನ್ನ ಕಣ್ಣಿನೊಳಗೆ ಇದ್ದದ್ದು ನಾನೇ ಹಾಕಿದ್ದ ಹಿತ್ತಾಳೆಯ ನಟ್ಟು. ಹಿತ್ತಾಳೆಗೆ ಅರ್ಧ ಸುತ್ತು ಏನೂ ಅಲ್ಲ. ನಡುವೆ ನೆಂಟರ ಹುಡುಗ ಅದನ್ನು ತೆಗೆದು ಪ್ಲಾಸ್ಟಿಕ್ಕಿನದು ಹಾಕಿದ್ದನೆಂದು ನನಗೆ ಗೊತ್ತಿರಲಿಲ್ಲ. ಎಂಥ ನಟ್ಟು ಅವ್ವ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನನ್ನನ್ನು ಹೊಸಿಲಲ್ಲಿ ನಿಲ್ಲಿಸಿದ್ದಕ್ಕೆ ಒಳಗೇ ಕುದಿಯುತ್ತಿದ್ದೆ, ಬೇಗ ಅಲ್ಲಿಂದ ಹೊರಟರೆ ಸಾಕಾಗಿತ್ತು.

ತೊಟ್ಟು ನಿಂತಿತು. "ನಿಂತೋಯ್ತು ಕಣ್ರೀ!" ಎಂದು ಜಯಮ್ಮ ಗಂಡನಿಗೆ ಕೂಗಿ ಹೇಳಿದರು. ಪೇಪರು ಹಾಸಿ ಒಂದು ಊಟದ ಹೊತ್ತು ಕಾಯುವುದು ನೆನಪಿತ್ತು. ಎಲ್ಲಿ ಕೂತು ಕಾಯಲಿ, ಯಾರ ಪೇಪರು ನೋಡಲಿ ಎಂದುಕೊಂಡು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದುಬಿಟ್ಟೆ.

ಬೆಳಿಗ್ಗೆ ಹಬ್ಬದ ಅಡುಗೆಗೆಂದು ಜಯಮ್ಮ ಎಲ್ಲರಿಗಿಂತ ಮೊದಲು ಅಡುಗೆಮನೆಗೆ ಹೋದರು. ನೆಲವೆಲ್ಲ ನೀರು. ಹೊಳೆಯುವ ಹೊಸ ಟೈಲ್ಸು, ನೀರು ಬಿದ್ದರೆ ಕಾಣುವುದೇ ಇಲ್ಲ. ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು.

ಮೂರನೆಯ ದಿನ ಮತ್ತೆ ಕರೆ ಬಂತು, ಇನ್ನೂ ಸೋರುತ್ತಿದೆ ಎಂದು. ಈ ಸಲವೂ ನಾನು ಹೊಸಿಲಲ್ಲೇ ನಿಂತೆ. ಯಜಮಾನರು ನನ್ನ ಕಡೆ ನೋಡದೆ, "ಒಳಿಕ್ಕೋಗು. ಇನ್ಯಾರವ್ರೆ ತಿರುಗ್ಸಕ್ಕೆ?" ಎಂದರು.

ಗೃಹಪ್ರವೇಶದ ನಂತರ ಆ ಅಡುಗೆಮನೆಗೆ ನಾನು ಕಾಲಿಟ್ಟದ್ದು ಆವತ್ತೇ. ರಂಗೋಲಿ ನೀರಿಗೆ ಕಲಸಿಹೋಗಿತ್ತು. ಸಿಂಕಿನ ಕೆಳಗೆ ತಲೆ ಹಾಕಿದರೆ ಬಿಳಿ ಪ್ಲಾಸ್ಟಿಕ್ ನಟ್ಟು, ಅದರ ಪಕ್ಕಕ್ಕೆ ಉಗುರಿನಲ್ಲಿ ಗೀರಿದಷ್ಟು ಸೀಳು. ನೋಡಿದ ಕೂಡಲೇ ನನಗೆ ಎಲ್ಲ ಗೊತ್ತಾಯಿತು. ಹೊಸ ಪೈಪು ಹಾಕಿದೆ. ಸೀಳಿದ ನಟ್ಟನ್ನು ಜೇಬಿಗೆ ಹಾಕಿಕೊಂಡೆ. "ಪೈಪು ಹಳೇದಾಗಿತ್ತು ಬುದ್ಧಿ" ಎಂದೆ. ಅವರು ತಲೆಯಾಡಿಸಿದರು.

ಹೊರಡುವಾಗ ನಡುಮನೆಯ ಮಂಚದಿಂದ ಜಯಮ್ಮ ಕರೆದರು. ಮುಖ ಇಳಿದುಹೋಗಿತ್ತು.

"ಸಿದ್ದ, ಇಲ್ ಬಾರಪ್ಪ. ನಾನೇ ಜಾಸ್ತಿ ಬಿಗಿದ್ಬುಟ್ನಾ? ನಿಜ ಹೇಳು."

ನಟ್ಟು ನನ್ನ ಜೇಬಿನಲ್ಲೇ ಇತ್ತು.

"ಇರ್ಬೋದು ಕಣವ್ವ" ಎಂದೆ.

"ನಾನೂ ಅಂಗೇ ಅನ್ಕೊಂಡೆ. ನನ್ ಕೈ ಮೊದ್ಲಿಂದ್ಲೂ ಭಾರ. ಇವ್ರ್ ತಾವ ಹೇಳ್ಬೇಡ ಕಣಪ್ಪ, ನನ್ನ ಬಯ್ತಾರೆ."

ಇಷ್ಟು ವರ್ಷದಲ್ಲಿ ಎಷ್ಟೋ ಜನ ನನಗೆ ಬೈದಿದ್ದಾರೆ. ಯಾವುದೂ ಉಳಿದಿಲ್ಲ. ಈ ಮಾತು ಮಾತ್ರ ಉಳಿದಿದೆ.

ಗಫೂರ್ ಮೇಸ್ತ್ರಿಗೆ ಆಗ ಉಬ್ಬಸ, ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಒಂದು ದಿನ ತಡೆಯಲಾಗದೆ ಅವರಿಗೆ ನಟ್ಟು ತೋರಿಸಿದೆ. ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು.

"ಒಳಗೆ ಬಿಡಲಿಲ್ಲ, ಅದು ಅವರ ತಪ್ಪು" ಎಂದರು. "ಕೇಳಲಿಲ್ಲ, ಕಾಯಲಿಲ್ಲ, ಅದು ನಿಂದು. ಇದನ್ನ ಜೇಬಿಗೆ ಹಾಕ್ಕೊಂಡೆ ನೋಡು, ಅದು ತಪ್ಪಲ್ಲ ಕಣೋ, ಕಳ್ಳತನ. ಆ ಅಮ್ಮ ಇರೋದ್ರೊಳಗೆ ಹೋಗಿ ಹೇಳ್ಬಿಡು."

ಹೂಂ ಎಂದು ಬಂದೆ. ಇವತ್ತು ಹೋಗೋಣ, ಮುಂದಿನ ವಾರ ಹೋಗೋಣ ಎಂದು ಎರಡು ತಿಂಗಳು ಕಳೆದೆ. ಹೇಳಿದರೆ ಆ ಕಡೆಯ ಊರುಗಳಲ್ಲಿ ನನಗೆ ಯಾರು ಕೆಲಸ ಕೊಡುತ್ತಾರೆ ಎಂಬ ಹೆದರಿಕೆ. ಕೊನೆಗೆ ಒಂದು ದಿನ ಬೆಳಿಗ್ಗೆ ಧೈರ್ಯ ಮಾಡಿ ಬಸ್ಸು ಹತ್ತಿದೆ. ಆ ಬೀದಿಗೆ ತಿರುಗಿದರೆ ಮನೆಯ ಮುಂದೆ ಸೌದೆ ಹೊಗೆಯಾಡುತ್ತಿತ್ತು, ಜನ ತಲೆ ತಗ್ಗಿಸಿ ನಿಂತಿದ್ದರು. ಮಲಗಿದ ಜಯಮ್ಮ ಮತ್ತೆ ಎದ್ದಿರಲಿಲ್ಲ. ನಾನೂ ಎಲ್ಲರ ಜೊತೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ. ಅವರಿಗೆ ಕೊಡಬೇಕಾಗಿದ್ದದ್ದು ಮಣ್ಣಲ್ಲ.

ಅಲ್ಲಿಂದೀಚೆಗೆ ನಾನು ಪೇಪರು ಹಾಸದೆ ಯಾವ ಮನೆಯಿಂದಲೂ ಬಂದವನಲ್ಲ. ಬಾಗಿಲಲ್ಲಿ ನಿಲ್ಲಿಸಿದರೆ ಬ್ಯಾಗು ಬಿಚ್ಚುತ್ತಿರಲಿಲ್ಲ. "ಒಳಿಕೆ ಬಿಟ್ರೆ ಮಾಡ್ತೀನಿ, ಇಲ್ದಿದ್ರೆ ಬೇರೆಯವ್ರನ್ನ ಕರೀರಿ" ಎನ್ನುತ್ತಿದ್ದೆ. ಕೆಲವರು ಬಾಯಿಗೆ ಬಂದಂತೆ ಬೈದರು, ಕೆಲವರು ಒಳಗೆ ಬಿಟ್ಟರು. ಈ ಮಾತನ್ನು ಜಯಮ್ಮನ ಮನೆಯ ಹೊಸಿಲಲ್ಲಿ ಆವತ್ತೇ ಆಡಿದ್ದರೆ ಸಾಕಾಗಿತ್ತು.

ಇಷ್ಟನ್ನು ಮೂರು ದಿನದಲ್ಲಿ ಬರೆದು ಭಾನುವಾರ ಮಧ್ಯಾಹ್ನ ಅನುವಿನ ಕೈಗೆ ಕೊಟ್ಟೆ. ಮುಂದಿನದನ್ನು ಸೋಮವಾರ ಬೆಳಿಗ್ಗೆ, ಅವಳು ಕೆಲಸದ ಬಸ್ಸು ಹತ್ತಿದ ಮೇಲೆ ಸೇರಿಸುತ್ತಿದ್ದೇನೆ.

ಭಾನುವಾರ ಎಲ್ಲರೂ ಬಂದಿದ್ದರು. ಅನುವಿನ ಅಪ್ಪ, ಅಂದರೆ ನನ್ನ ಮಗ ಮಾದೇವ, ಕೋಳಿ ತಂದಿದ್ದ. ಸೊಸೆ ಲಕ್ಷ್ಮಿ ಮಸಾಲೆ ರುಬ್ಬುತ್ತಿದ್ದಳು. ಕೆ.ಆರ್. ನಗರದಿಂದ ಮಗಳು ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ನಾನು ಜಗಲಿಯಲ್ಲಿ ಕೂತು ಅನು ಪುಟ ತಿರುವುವುದನ್ನೇ ನೋಡುತ್ತಿದ್ದೆ. ಕೊನೆಯ ಪುಟ ಮುಗಿದರೂ ಅವಳು ತಲೆ ಎತ್ತಲಿಲ್ಲ.

"ಆ ಅಜ್ಜಿ, ತನ್ನದೇ ತಪ್ಪು ಅಂತ್ಲೇ ಸತ್ತೋದ್ರಾ ತಾತ?"

"ಹೂಂ ಕಣವ್ವ."

"ನಟ್ಟೆಲ್ಲದೆ?"

ಒಳಗೆ ಹೋಗಿ ಬೀಡಿ ಡಬ್ಬಿಯಿಂದ ತಂದುಕೊಟ್ಟೆ. ಬಿಳಿ ಬಣ್ಣ ಹಳದಿಗೆ ತಿರುಗಿದೆ, ಸೀಳು ಹಾಗೇ ಇದೆ. ಅವಳು ಅದರ ಮೇಲೆ ಬೆರಳಾಡಿಸಿದಳು.

"ಯಜಮಾನ್ರು ಇದ್ದಾರಾ?"

"ಅವ್ರಿಲ್ಲ. ಮಗ ಅವ್ರೆ, ಅದೇ ಮನೇಲಿ."

"ಮುಂದಿನ್ ಭಾನುವಾರ ಓಗನ. ಇದ್ನ ಅವ್ರ್ ಕೈಗೆ ಕೊಟ್ಟು ಹೇಳ್ಬುಡು. ಬಯ್ದ್ರೆ ಬಯ್ಲಿ."

"ನೀನ್ಯಾಕವ್ವ?"

"ನೀನೊಬ್ನೇ ಓದ್ರೆ ಮತ್ತೆ ಎರಡ್ ತಿಂಗ್ಳು ಮಾಡ್ತೀಯ" ಎಂದಳು. ನಗಲಿಲ್ಲ. ಆದರೆ ನನ್ನ ಮುಖ ನೋಡಿಯೇ ಹೇಳಿದಳು.

ಅಷ್ಟರಲ್ಲಿ ಅಡುಗೆಮನೆಯಿಂದ ಕೆಂಪಮ್ಮ, "ಮನೇಲಿ ಇಬ್ರಿಬ್ರು ಪ್ಲಂಬರ್ ಇಟ್ಕೊಂಡು ನಮ್ ಸಿಂಕ್ ಕೆಳಗೇ ಸೋರ್ತದಲ್ಲಪ್ಪ!" ಎಂದು ಕೂಗಿದಳು. ನಿಜ, ಒಂದು ವಾರದಿಂದ ಸೋರುತ್ತಿತ್ತು. ನನ್ನ ಮಂಡಿ ಕೇಳುತ್ತಿರಲಿಲ್ಲ.

ಅನು ಎದ್ದು ಹೋದಳು. ಹಿತ್ತಿಲಿಗೆ ಹೋಗಿ ಟ್ಯಾಂಕಿನ ವಾಲನ್ನು ತಾನೇ ಮುಚ್ಚಿ ಬಂದಳು. ಹೊಸ ಚೂಡಿದಾರದಲ್ಲೇ ನೆಲಕ್ಕೆ ಮಲಗಿ ಸಿಂಕಿನ ಕೆಳಗೆ ತೂರಿದಳು. ಮೊದಲು ಎಲ್ಲವನ್ನೂ ಒಣ ಬಟ್ಟೆಯಿಂದ ಒರೆಸಿ ಮೇಲಿನಿಂದ ಕೆಳಗೆ ಬೆರಳಾಡಿಸಿಕೊಂಡು ಬಂದಳು. ತೊಟ್ಟಿಕ್ಕುತ್ತಿದ್ದದ್ದು ಕೆಳಗಿನ ನಟ್ಟಿನ ತುದಿಯಲ್ಲಿ. ಸೋರುತ್ತಿದ್ದದ್ದು ಮೇಲೆ, ನಲ್ಲಿಯ ಬುಡದ ಸವೆದ ವಾಷರಿನಲ್ಲಿ. ಹೊಸ ವಾಷರ್ ಹಾಕಿ, ನಟ್ಟನ್ನು ಬರಿಗೈಯಲ್ಲಿ ಬಿಗಿದು, ವಾಲ್ ತೆರೆದು ಬಂದಳು. ನಾನು ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ.

ಆಮೇಲೆ ನೆಲ ಒರೆಸಿ ಹಳೆಯ ಪೇಪರು ಹಾಸಿದಳು. "ಅಜ್ಜಿ, ಮುದ್ದೆ ಕಟ್ಟು. ಎಲ್ರೂ ಇಲ್ಲೇ ಕೂತು ಉಣ್ಣನ" ಎಂದಳು.

ನಮ್ಮದು ಸಣ್ಣ ಅಡುಗೆಮನೆ. ಒಂಬತ್ತು ಜನ ಮಂಡಿಗೆ ಮಂಡಿ ತಗುಲಿಸಿಕೊಂಡು ಕೂತೆವು. ಕೋಳಿ ಸಾರು, ಬಿಸಿ ಮುದ್ದೆ, ಆಮೇಲೆ ಹೆಸರುಬೇಳೆ ಪಾಯಸ. ಅನು ಸಿಂಕಿನ ಎದುರಿಗೇ ಕೂತಳು. ಮಾದೇವ ಕತ್ತು ಚಾಚಿ ಪೇಪರು ನೋಡಲು ಹೋದ.

"ಊಟ ಮುಗೀಲಿ ಅಪ್ಪ, ಆಮೇಲ್ ನೋಡನ" ಎಂದು ಅವನ ತಟ್ಟೆಗೆ ಸಾರು ಬಿಟ್ಟಳು.

ನನ್ನ ಹೊಟ್ಟೆ ತುಂಬಿತ್ತು. ಆದರೂ ಕೆಂಪಮ್ಮನ ಕಡೆ ತಟ್ಟೆ ಚಾಚಿ ಇನ್ನರ್ಧ ಮುದ್ದೆ ಹಾಕಿಸಿಕೊಂಡೆ. ಎಲ್ಲರೂ ಉಣ್ಣುತ್ತಿದ್ದರು. ನಾನೂ ನಿಧಾನವಾಗಿ ಉಣ್ಣುತ್ತಾ ಕೂತೆ.